ಗಡಂಗಿನ ಲೆಕ್ಕ: ಕುಂಬಳೆ ಸೀಮೆಯ ಶೇಂದಿ ಅಂಗಡಿಗಳೂ ನಮ್ಮ ಹಿರಿಯರೂ

ಸ್ಮರಣ ಸಂಚಿಕೆಗಾಗಿ ಊರಿನ ಇತಿಹಾಸದ ಬಗೆಗೆ ಒಂದು ಲೇಖನ ಬೇಕೆಂದು ಸಂಘದ ಮಿತ್ರರು ಕೇಳಿದಾಗ, ಅವರ ಮನಸ್ಸಿನಲ್ಲಿದ್ದುದು ಆರಿಕ್ಕಾಡಿಯ ಕೋಟೆಯೋ, ಕುಂಬಳೆಯ ಅರಸುಮನೆತನವೋ, ಪಾರ್ತಿಸುಬ್ಬನ ಯಕ್ಷಗಾನ ಪ್ರಸಂಗಗಳೋ ಆಗಿದ್ದಿರಬೇಕು. ಆ ವಿಷಯಗಳಲ್ಲಿ ಬಲ್ಲವರು ಸಾಕಷ್ಟು ಬರೆದಿದ್ದಾರೆ, ಮುಂದೆಯೂ ಬರೆಯುವರು. ನಾವು ಆರಿಸಿಕೊಂಡುದು ಗಡಂಗನ್ನು. ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಪಾಠ ಹೇಳಿ, ಗಾಂಧಿ ಜಯಂತಿಯಂದು ಪಾನನಿಷೇಧದ ಭಾಷಣ ಮಾಡಿದ ಮುಖ್ಯೋಪಾಧ್ಯಾಯನೊಬ್ಬನು ಶೇಂದಿ ಅಂಗಡಿಯ ಚರಿತ್ರೆಯನ್ನು ಬರೆಯಲು ಕುಳಿತನೆಂದರೆ ಕೆಲವರು ನಕ್ಕಾರು. ನಗಲಿ. ನಾವು ಉಂಡ ಅನ್ನದ ಒಂದು ಭಾಗ ಆ ಗಡಂಗಿನಿಂದ ಬಂದುದು. ಅದನ್ನು ಒಪ್ಪಿಕೊಳ್ಳಲು ನಮಗೆ ಎಪ್ಪತ್ತು ವರ್ಷ ಹಿಡಿಯಿತು.

ಘಟ್ಟದ ಮೇಲಿನ ಓದುಗರಿಗೆ ಗಡಂಗು ಎಂಬ ಮಾತು ಅಪರಿಚಿತವಿರಬಹುದು. ನಮ್ಮ ಕಡೆ ಕಳ್ಳು, ಸಾರಾಯಿ ಮಾರುವ ಅಂಗಡಿಗೆ ಈ ಹೆಸರು. ಗೋದಾಮು, ಗೋಡೌನ್ ಎಂಬ ಮಾತುಗಳೂ ಇದೂ ಒಂದೇ ಬಳಗದವೆಂದು ನಮಗೆ ತೋರುತ್ತದೆ. ಸರಕನ್ನು ಕೂಡಿಟ್ಟ ಸ್ಥಳ ಕ್ರಮೇಣ ಒಂದೇ ಸರಕಿನ ಸ್ಥಳವಾಯಿತು. ಕನ್ನಡದ ಕಳ್ಳು ತುಳುವಿನಲ್ಲಿ ಕಲಿ, ಸರಕಾರದ ಕಾಗದದಲ್ಲಿ ಶೇಂದಿ, ಇಂದಿನ ಬೋರ್ಡಿನಲ್ಲಿ ಮಲಯಾಳ ಲಿಪಿಯ ಕಳ್ಳು ಷಾಪ್. ಒಂದೇ ಮಡಕೆಯ ದ್ರವಕ್ಕೆ ಇಷ್ಟು ಹೆಸರುಗಳಿರುವುದು ಗಡಿನಾಡಿನಲ್ಲಿ ಮಾತ್ರ ಸಾಧ್ಯ.

ಮರದಿಂದ ಕಳ್ಳು ಇಳಿಸುವ ಕಸುಬಿಗೆ ಮೂರ್ತೆ ಎನ್ನುತ್ತಾರೆ, ಇಳಿಸುವವನು ಮೂರ್ತೆದಾರ. ತೆಂಗು, ತಾಳೆ, ಬೈನೆ ಈ ಮೂರು ಮರಗಳೂ ನಮ್ಮ ಸೀಮೆಯಲ್ಲಿ ಕಳ್ಳು ಕೊಡುತ್ತವೆ. ತೆಂಗಿನಲ್ಲಾದರೆ ಇನ್ನೂ ಬಿರಿಯದ ಹೊಂಬಾಳೆಯನ್ನು ಬಿಗಿಯಾಗಿ ಕಟ್ಟಿ, ದಿನವೂ ಹದವಾಗಿ ತಟ್ಟಿ ತಟ್ಟಿ ಮೆದುಗೊಳಿಸಬೇಕು. ಜೋರಾಗಿ ಹೊಡೆದರೆ ಒಳಗೆ ಕೊಳೆಯುತ್ತದೆ, ಮೆಲ್ಲಗಾದರೆ ರಸವಿಳಿಯುವುದಿಲ್ಲ. ಕೆಲವು ದಿನಗಳ ಮೇಲೆ ತುದಿಯನ್ನು ಕೊಯ್ದು ಮಡಕೆ ಕಟ್ಟುತ್ತಾರೆ. ಆಮೇಲೆ ಬೆಳಿಗ್ಗೆ ಸಂಜೆ ಮರವೇರಿ ತುದಿಯಿಂದ ತೆಳುವಾದ ಬಿಲ್ಲೆಯೊಂದನ್ನು ಸವರಿ ಹೊಸ ಗಾಯ ಮಾಡಬೇಕು. ಕಾಲಿಗೆ ತಳೆ, ಸೊಂಟಕ್ಕೆ ಕತ್ತಿ, ಬೆನ್ನಿಗೆ ಒಣಗಿದ ಸೋರೆಯ ಬುರುಡೆ. ಮಡಕೆಯ ಒಳಗೆ ಸುಣ್ಣ ಬಳಿದಿದ್ದರೆ ರಸ ಹುಳಿಯದೆ ಸಿಹಿಯಾಗಿಯೇ ಉಳಿಯುತ್ತದೆ, ಅದನ್ನು ಕಾಯಿಸಿದರೆ ಓಲೆಬೆಲ್ಲ. ಸುಣ್ಣವಿಲ್ಲದಿದ್ದರೆ ಕೆಲವೇ ತಾಸುಗಳಲ್ಲಿ ನೊರೆಯೆದ್ದು ಕಳ್ಳಾಗುತ್ತದೆ. ಕಳ್ಳನ್ನು ಕುಡಿದವರಷ್ಟೇ ಬಳಸಿದರೆಂದು ತಿಳಿಯಬಾರದು. ಕ್ರೈಸ್ತರ ಮನೆಯ ಸನ್ನಣದ ಹಿಟ್ಟನ್ನು ಉಬ್ಬಿಸಿದುದು ಅದೇ. ಕೊರಗಜ್ಜನಿಗೆ ವೀಳ್ಯ ಚಕ್ಕುಲಿಗಳೊಡನೆ ಇಂದಿಗೂ ಸಲ್ಲುವುದು ಅದೇ. ತೀಯರ ವಯನಾಟ್ಟು ಕುಲವನ್ ದೈವದ ಕಥೆ ಆರಂಭವಾಗುವುದೇ ಶಿವನ ಕಳ್ಳನ್ನು ಕದ್ದು ಕುಡಿದ ಪ್ರಸಂಗದಿಂದ.

ಈ ಕಸುಬಿನ ಮುಖ್ಯ ಜನರು ತುಳು ಮಾತನಾಡುವ ಬಿಲ್ಲವರು ಮತ್ತು ತೆಂಕಣದ ತೀಯರು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪ್ರಕಟವಾದ ದಕ್ಷಿಣ ಕನ್ನಡ ಜಿಲ್ಲಾ ಕೈಪಿಡಿಯು ಬಿಲ್ಲವರನ್ನು ಜಿಲ್ಲೆಯ ಅತಿ ದೊಡ್ಡ ಜಾತಿಯೆಂದೂ, ಒಟ್ಟು ಜನರಲ್ಲಿ ಹೆಚ್ಚುಕಡಿಮೆ ಐದರಲ್ಲೊಂದು ಪಾಲೆಂದೂ ಗುರುತಿಸಿದೆ. ಬಿಲ್ಲಿನವರು ಎಂಬುದರಿಂದ ಬಿಲ್ಲವರಾಯಿತೆಂಬ ವಿವರಣೆ ಜಿಲ್ಲೆಯಲ್ಲಿ ರೂಢವಾದುದು. ಐದರಲ್ಲಿ ಒಂದು ಪಾಲು ಜನರೆಲ್ಲ ಮರವೇರಿ ಬದುಕಲು ಸಾಧ್ಯವಿಲ್ಲವೆಂಬುದು ಸಾಮಾನ್ಯ ತಿಳಿವಳಿಕೆ. ಹೆಚ್ಚಿನವರು ಗೇಣಿಯ ಗದ್ದೆಯಲ್ಲಿ ದುಡಿದವರು. ಆದರೂ ಇಂಗ್ಲಿಷರ ಪುಸ್ತಕಗಳಲ್ಲಿ ಅವರೆಲ್ಲರ ಕೈಯಲ್ಲೂ ಮಡಕೆಯೇ ಇದೆ.

ಕಳ್ಳಿನ ಮೇಲೆ ದೊರೆಗಳ ಕಣ್ಣು ಯಾವ ಕಾಲಕ್ಕೂ ಇದ್ದಿತು. ಟಿಪ್ಪು ಸುಲ್ತಾನನು ಮದ್ಯವನ್ನು ನಿಲ್ಲಿಸಲು ಆಜ್ಞೆ ಮಾಡಿದನು. 1799ರಲ್ಲಿ ಕೆನರಾ ಕಂಪನಿಯ ಕೈಸೇರಿ ಥಾಮಸ್ ಮನ್ರೋ ಮೊದಲ ಕಲೆಕ್ಟರನಾಗಿ ಬಂದನು. ಮುಂದೆ ಅಬಕಾರಿ ಸರಕಾರದ ಒಂದು ನಿಶ್ಚಿತ ಆದಾಯದ ಬಾಬತ್ತಾಯಿತು. 1886ರ ಮದರಾಸು ಅಬಕಾರಿ ಕಾಯಿದೆಯ ಮೇಲೆ ಈ ವ್ಯವಸ್ಥೆ ಬಿಗಿಯಾಯಿತು. ಇಳಿಸುವ ಪ್ರತಿಯೊಂದು ಮರಕ್ಕೂ ತೆರಿಗೆ, ಮರಕ್ಕೆ ಗುರುತಿನ ಸಂಖ್ಯೆ, ಇಳಿಸುವವನಿಗೆ ಪರವಾನಿಗೆ; ಅಂಗಡಿಯ ಹಕ್ಕು ವರ್ಷ ವರ್ಷವೂ ಹರಾಜಿನಲ್ಲಿ. ಹೀಗೆ ಮರದ ಮೇಲೊಮ್ಮೆ, ಅಂಗಡಿಯಲ್ಲೊಮ್ಮೆ, ಒಂದೇ ಕಳ್ಳಿಗೆ ಎರಡು ಕಡೆ ಸರಕಾರ ಕೈಚಾಚಿತು. ಸಂಶೋಧಕನಿಗೆ ಇದರಿಂದ ಉಪಕಾರವೇ ಆಯಿತು. ಬಡವನ ಹೆಸರು ಸರಕಾರದ ಪುಸ್ತಕದಲ್ಲಿ ಉಳಿಯಬೇಕಾದರೆ ಅವನು ತೆರಿಗೆ ಕೊಟ್ಟಿರಬೇಕು, ಇಲ್ಲವೆ ಅಪರಾಧ ಮಾಡಿರಬೇಕು. ಗಡಂಗಿನವರು ಎರಡನ್ನೂ ಮಾಡಿದರು.

ನಮ್ಮ ಹುಡುಕಾಟ ಆರಂಭವಾದುದು ಆಕಸ್ಮಿಕವಾಗಿ. ಶಿರಿಯಾ ಹೊಳೆಯ ಸಮೀಪದ ನಮ್ಮ ತರವಾಡು ಮನೆಯ ಹಳೆಯ ಹೆಂಚನ್ನು ಇಳಿಸುವಾಗ ಅಟ್ಟದಿಂದ ತಗಡಿನ ಪೆಟ್ಟಿಗೆಯೊಂದು ಸಿಕ್ಕಿತು. ಅದರಲ್ಲಿ ಇಪ್ಪತ್ತಮೂರು ಕಾಗದಗಳು, ಮುದ್ರೆಯೊತ್ತಿದ ಹಿತ್ತಾಳೆಯ ಅಳತೆಪಾತ್ರೆ, ಅರ್ಧ ಗೆದ್ದಲು ತಿಂದ ಒಂದು ಲೆಕ್ಕದ ಪುಸ್ತಕ. ಕಾಗದಗಳು ಹರಾಜಿನ ಹಣ ಕಟ್ಟಿದ ರಶೀದಿಗಳು. ಪುಸ್ತಕದ ಲಿಪಿ ಕನ್ನಡ, ಮಾತು ಹೆಚ್ಚಾಗಿ ತುಳು, ಅಂಕಿಗಳು ಕನ್ನಡದವು, ಸರಕಾರಕ್ಕೆ ಸಂಬಂಧಿಸಿದ ಪದಗಳೆಲ್ಲ ಇಂಗ್ಲಿಷಿನವು. ನಮ್ಮ ತಾಯಿಯ ಸೋದರಮಾವ, ನಾವು ದೊಡ್ಡಜ್ಜ ಎಂದು ಕರೆಯುತ್ತಿದ್ದವರು, ಗಡಂಗು ನಡೆಸುತ್ತಿದ್ದರೆಂಬುದು ನಮಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆದರೆ ಮನೆಯಲ್ಲಿ ಅದನ್ನು "ವ್ಯಾಪಾರ" ಎನ್ನುತ್ತಿದ್ದರು. ಯಾವ ವ್ಯಾಪಾರವೆಂದು ಕೇಳಿದ ಮಕ್ಕಳಿಗೆ ತಾಯಿಯವರು ಒಳಗೆ ಹೋಗಿ ನೀರು ಸೇದಲು ಹೇಳುತ್ತಿದ್ದರು.

ಪೆಟ್ಟಿಗೆಯ ಕಾಗದಗಳು ಸಾಲದೆ ಸರಕಾರಿ ದಫ್ತರಗಳ ಬಾಗಿಲು ತಟ್ಟಿದೆವು. ಇಲ್ಲಿ ಗಡಿನಾಡಿನವರ ಪಾಡು ಆರಂಭವಾಗುತ್ತದೆ. 1956ರ ಅಕ್ಟೋಬರ್ 31ರವರೆಗೆ ನಮ್ಮದು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕು. ಮರುದಿನದಿಂದ ಕೇರಳ, ಆಮೇಲೆ ಕಣ್ಣೂರು ಜಿಲ್ಲೆಯ ಆಡಳಿತ. 1984ರ ಮೇ 24ರಿಂದ ಕಾಸರಗೋಡೇ ಜಿಲ್ಲೆ. ಆದ್ದರಿಂದ ಒಂದು ಗಡಂಗಿನ ಕಾಗದಕ್ಕಾಗಿ ಮಂಗಳೂರು, ಕಣ್ಣೂರು, ಕೋಝಿಕ್ಕೋಡು, ಕೊನೆಗೆ ಚೆನ್ನೈಯ ಎಗ್ಮೋರಿನ ದಾಖಲೆ ಭಂಡಾರ, ಹೀಗೆ ನಾಲ್ಕು ಊರುಗಳು. ಎಲ್ಲಿ ಕೇಳಿದರೂ ಇನ್ನೊಂದು ಊರಿನ ಕಡೆ ಬೆರಳು. ಒಂದು ಕಚೇರಿಯಲ್ಲಿ ಕನ್ನಡದ ಕಟ್ಟುಗಳನ್ನೆಲ್ಲ ಒಟ್ಟಾಗಿ ಬಿಗಿದು, ಓದಲಾಗದವು ಎಂಬ ಚೀಟಿ ಅಂಟಿಸಿ ಮೂಲೆಯಲ್ಲಿಟ್ಟಿದ್ದರು. ಅಲ್ಲಿದ್ದ ತರುಣ ಗುಮಾಸ್ತ ಸಜ್ಜನ, ಕುಳಿತುಕೊಳ್ಳಲು ತನ್ನ ಕುರ್ಚಿಯನ್ನೇ ಕೊಟ್ಟನು. "ಮಾಷೆ, ಇದು ತೆಲುಗೋ ಕನ್ನಡವೋ ನಮಗೆ ತಿಳಿಯುವುದಿಲ್ಲ" ಎಂದು ಮಲಯಾಳದಲ್ಲಿ ಹೇಳಿದಾಗ ಅವನ ಧ್ವನಿಯಲ್ಲಿ ತಾತ್ಸಾರವಿರಲಿಲ್ಲ, ಸಂಕೋಚವಿತ್ತು. ಓದಲಾಗದವು ಎಂಬ ಆ ಕಟ್ಟಿನಿಂದ ನಾವು ನಾಲ್ಕು ದಿನ ಓದಿದೆವು. ದುಂಡಗಿನ ಕನ್ನಡ ಅಕ್ಷರ, ಎರಡನೆಯ ತರಗತಿಯ ಮಗುವೂ ಓದಬಹುದಾದಷ್ಟು ಸ್ಪಷ್ಟ.

ಕಾಗದ ಸಿಕ್ಕಿದ ಮೇಲೆ ಇನ್ನೊಂದು ತೊಡಕು. ಮೊದಲ ಕೆಲವು ವರ್ಷ ಒಂದು ಹೆಸರು, ಒಬ್ಬ ತಂದೆಯ ಹೆಸರು. ಆಮೇಲೆ ಅದೇ ಅಂಗಡಿ ಬೇರೆ ಹೆಸರಿನವನಿಗೆ, ಅವನ ತಂದೆಯೂ ಬೇರೆ. ಅಂಗಡಿ ಪರರ ಪಾಲಾಯಿತೆಂದೇ ನಾವು ಆರು ತಿಂಗಳು ನಂಬಿದ್ದೆವು. ಪರದೇಶಗಳಲ್ಲಿ ಪಾನಗೃಹ ನಡೆಸಿದ ಪೂರ್ವಜರನ್ನು ಹುಡುಕುವವರು ತಂದೆಯ ಕುಲನಾಮವನ್ನು ಹಿಡಿದು ಮೇಲೇರುತ್ತಾರೆ. ನಮ್ಮಲ್ಲಿ ಆ ಏಣಿ ತಪ್ಪು ಗೋಡೆಗೆ ಚಾಚಿದುದು. ಅಳಿಯಸಂತಾನದ ಮನೆಗಳಲ್ಲಿ ಸೊತ್ತು ಮಾವನಿಂದ ಸೋದರಳಿಯನಿಗೆ. ತಂದೆ ಇನ್ನೊಂದು ಬರಿಯವನು, ಇನ್ನೊಂದು ಮನೆಯವನು. ಸರಕಾರವೋ ಎಲ್ಲರಿಂದಲೂ ತಂದೆಯ ಹೆಸರನ್ನೇ ಕೇಳಿ ಬರೆದುಕೊಂಡಿತು. ನಮ್ಮ ಸತ್ಯ ಸಿಕ್ಕಿದುದು ಬರಿಯಿಂದ. ಎರಡೂ ಹೆಸರುಗಳ ಬರಿ ಒಂದೇ ಎಂದು ದೈವದ ಕೋಲದ ಹಳೆಯ ಪಟ್ಟಿಯಲ್ಲಿ ಕಂಡಾಗ, ಎರಡನೆಯವನು ಮೊದಲಿನವನ ತಂಗಿಯ ಮಗನೆಂದು ತಿಳಿಯಿತು. ಆ ಎರಡನೆಯವರೇ ನಮ್ಮ ದೊಡ್ಡಜ್ಜ. ಈ ಲೇಖನ ಓದಿ ತಮ್ಮ ಮನೆಯ ಮೂಲ ಹುಡುಕಹೊರಡುವ ತರುಣರು ಇದೊಂದನ್ನು ಮರೆಯಬಾರದು: ಅಜ್ಜನನ್ನು ಹುಡುಕುವ ಮುನ್ನ ಅಜ್ಜಿಯನ್ನು ಹುಡುಕಬೇಕು.

ಅಜ್ಜಿಯನ್ನು ಹುಡುಕಿದಾಗಲೇ ಗಡಂಗು ನಡೆಸಿದವರು ಯಾರೆಂಬುದೂ ಗೊತ್ತಾಯಿತು. ಪರವಾನಿಗೆ ದೊಡ್ಡಜ್ಜನದು, ಲೆಕ್ಕ ಅವರ ತಂಗಿಯದು. ನಮ್ಮ ತಾಯಿಯ ತಾಯಿ ಶಾಲೆಯ ಮುಖ ನೋಡಿದವರಲ್ಲವೆಂದು ಕೇಳಿದ್ದೆವು. ಆದರೆ ಪುಸ್ತಕದ ಎರಡು ಕೈಬರಹಗಳಲ್ಲಿ ಒಂದು, ಒತ್ತಕ್ಷರಗಳನ್ನು ತಪ್ಪಿಸಿ ಬರೆಯುವ ಒಂದು ಬರಹ, ಅವರದೇ. ನಮ್ಮ ಅಣ್ಣನವರಿಗೆ ಅವರು ಗೋಡೆಯ ಮೇಲೆ ಮಸಿಯಿಂದ ಬರೆಯುತ್ತಿದ್ದ ಹಾಲಿನ ಲೆಕ್ಕದ ನೆನಪಿದೆ. ಆ ಅಕ್ಷರಗಳನ್ನು ನೋಡಿ ಅವರೇ ಗುರುತಿಸಿದರು. ಬಂಗುಡೆಯ ಸಾರು, ಮರುವಾಯಿ, ಹುರಿದ ಕಡಲೆ, ಇವುಗಳ ಖರ್ಚು ಮತ್ತು ಹುಟ್ಟುವಳಿ ಬೇರೆಯೇ ಪುಟಗಳಲ್ಲಿವೆ. ಕಳ್ಳಿನ ಲಾಭ ಹರಾಜಿಗೂ ಮರದ ತೆರಿಗೆಗೂ ಹೋಗುತ್ತಿತ್ತು. ಮನೆ ನಡೆದುದು ಮೀನಿನ ಸಾರಿನಿಂದ ಎಂದು ಲೆಕ್ಕ ಹಾಕಿ ನೋಡಿದೆವು. ಅಜ್ಜಿಯ ಹೆಸರು ಸರಕಾರದ ಯಾವ ಕಾಗದದಲ್ಲೂ ಇಲ್ಲ.

ಕಡದ ಪುಟಗಳನ್ನು ಕುರಿತು ಹೆಚ್ಚು ಬರೆಯುವುದಿಲ್ಲ. ಹಿತ್ತಿಲ ಬಾಗಿಲಿಗೆ ಆಳುಮಕ್ಕಳ ಕೈಯಲ್ಲಿ ತಂಬಿಗೆ ಕಳುಹಿಸುತ್ತಿದ್ದ ದೊಡ್ಡ ಮನೆಗಳ ಹೆಸರುಗಳು ಅಲ್ಲಿವೆ. ಆ ಮನೆಗಳ ಮೊಮ್ಮಕ್ಕಳು ನಮ್ಮ ಶಿಷ್ಯರು, ಕೆಲವರು ಈ ಸಮ್ಮೇಳನದ ದಾನಿಗಳು. ಬಾಕಿ ಮನ್ನಾ ಆಗಿದೆಯೆಂದು ತಿಳಿದುಕೊಳ್ಳಲಿ.

ಆದರೆ ಮುಚ್ಚಿಡಬಾರದ ಒಂದು ಸಂಗತಿಯಿದೆ. ಗಡಂಗಿನ ಒಳಗಿನ ಬೆಂಚು ಎಲ್ಲರಿಗೂ ಇರಲಿಲ್ಲ. ಕೊರಗರೂ ಇತರ ದಲಿತರೂ ಹೊರಗಿನ ಮಾವಿನ ಮರದ ಬುಡದಲ್ಲಿ ಕುಳಿತು ತೆಂಗಿನ ಗೆರಟೆಯಲ್ಲಿ ಕುಡಿಯುತ್ತಿದ್ದರು, ಮೇಲಿನಿಂದ ಎರೆಯುತ್ತಿದ್ದರು. ಊರಿನ ತೊಂಬತ್ತರ ಹರೆಯದ ಹಿರಿಯರೊಬ್ಬರು ನಮಗೆ ಇದನ್ನು ಹೇಳುವಾಗ ದನಿ ಏರಿಸಲಿಲ್ಲ. "ನಿಮ್ಮ ಅಜ್ಜ ಒಳ್ಳೆಯವರು ಮಾಷ್ಟ್ರೇ, ಗೆರಟೆ ತುಂಬ ಕೊಡುತ್ತಿದ್ದರು" ಎಂದರಷ್ಟೆ. ದೇವಸ್ಥಾನದ ಒಳಗೆ ಕಾಲಿಡಲು ತಮಗೇ ಅವಕಾಶವಿಲ್ಲದಿದ್ದ, 1912ರಲ್ಲಿ ನಾರಾಯಣ ಗುರುಗಳು ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದಾಗ ಆನಂದಪಟ್ಟ ಮನೆತನ ನಮ್ಮದು. ಅದೇ ಮನೆಯ ಅಂಗಳದಲ್ಲಿ ಗೆರಟೆಯೂ ಇತ್ತು. ಕಳ್ಳು ಇಳಿಸಬೇಡಿ, ಮಾರಬೇಡಿ, ಕುಡಿಯಬೇಡಿ ಎಂಬ ಗುರುಗಳ ಉಪದೇಶವನ್ನೂ ಮನೆ ಕೇಳಿತ್ತು. ಗುರುಗಳ ಪಟ ಒಳಗಿನ ಗೋಡೆಯ ಮೇಲೆ, ಗಡಂಗು ಹೊರಗಿನ ದಾರಿಯ ಬದಿಯಲ್ಲಿ, ಎರಡೂ ಇದ್ದವು.

ಇನ್ನು ನಮ್ಮನ್ನು ನಿದ್ದೆಗೆಡಿಸಿದ ರಶೀದಿಯ ವಿಷಯ. 1930-31ರಲ್ಲಿ ಜಿಲ್ಲೆಯಲ್ಲಿ ಶೇಂದಿ ಅಂಗಡಿಗಳ ಮುಂದೆ ಪಿಕೆಟಿಂಗ್ ನಡೆಯಿತು. ಮಂಗಳೂರಿನಲ್ಲಿ ಕಾರ್ನಾಡ ಸದಾಶಿವರಾಯರ ಹೆಸರು ಮನೆಮಾತಾಗಿದ್ದ ಕಾಲ ಅದು. ದೊಡ್ಡಜ್ಜ ಆಗ ಮಹಾತ್ಮರ ಕರೆಗೆ ಓಗೊಟ್ಟು ಗಡಂಗನ್ನು ಶಾಶ್ವತವಾಗಿ ಮುಚ್ಚಿದರೆಂದು ನಮ್ಮ ಮನೆಯಲ್ಲಿ ಹೇಳುತ್ತಿದ್ದರು. ಮನೆಯಲ್ಲಿ ಗಡಂಗಿನ ಬಗ್ಗೆ ಬಾಯಿಬಿಟ್ಟು ಹೇಳುತ್ತಿದ್ದ ಕಥೆ ಇದೊಂದೇ. ನಾವೂ ಅಕ್ಟೋಬರ್ 2ರ ಭಾಷಣದಲ್ಲಿ "ನಮಗೆ ಬಲ್ಲವರೊಬ್ಬರು" ಎಂದು ಹೆಸರು ಮರೆಸಿ ಎಷ್ಟೋ ಸಲ ಈ ದೃಷ್ಟಾಂತ ಕೊಟ್ಟಿದ್ದೇವೆ. ಪೆಟ್ಟಿಗೆಯಲ್ಲಿ 1932ರ ರಶೀದಿಯಿದೆ. 1933ರದೂ ಇದೆ. 1947ರದೂ ಇದೆ. ಕೈ ಅದೇ, ರುಜು ಅದೇ.

ಆ ರಾತ್ರಿ ಪುಸ್ತಕವನ್ನು ಮತ್ತೆ ಮೊದಲಿನಿಂದ ನೋಡಿದೆವು. 1931ರ ಪುಟಗಳಲ್ಲಿ ನಲವತ್ತೊಂದು ದಿನ ಕಳ್ಳಿನ ಮಾರಾಟದ ಅಂಕಿಯಿಲ್ಲ. ಮೀನಿನ ಲೆಕ್ಕವೂ ಇಲ್ಲ. ಆ ದಿನಗಳ ಎದುರಿಗೆ ಇರುವುದು ಅಕ್ಕಿಯ ಲೆಕ್ಕ ಮಾತ್ರ: ಹನ್ನೊಂದು ಮೂರ್ತೆದಾರರ ಹೆಸರು, ಅವರವರ ಮರದ ಸಂಖ್ಯೆ, ಕೊಟ್ಟ ಸೇರು. ಅಜ್ಜಿಯ ಕೈಬರಹ. ನಲವತ್ತೆರಡನೆಯ ದಿನ ಮಾರಾಟ ಮತ್ತೆ ಆರಂಭವಾಗಿದೆ, ಕೊಟ್ಟ ಅಕ್ಕಿಯನ್ನು ಮುಂದಿನ ತಿಂಗಳುಗಳಲ್ಲಿ ಕಳ್ಳಿನ ಬೆಲೆಯಿಂದ ಮುರಿದುಕೊಂಡಿದ್ದಾರೆ, ಕೆಲವರದು ಮುರಿದೇ ಇಲ್ಲ. ಮುಚ್ಚಿದ್ದು ನಿಜ, ಶಾಶ್ವತವಾಗಿ ಎಂಬುದು ಸುಳ್ಳು. ಗಾಂಧೀಜಿಯವರ ಮೇಲಿನ ಭಕ್ತಿಯಿಂದ ಮುಚ್ಚಿದರೋ, ಬಾಗಿಲಲ್ಲಿ ನಿಂತ ಊರ ಹುಡುಗರಿಗೆ ನಾಚಿ ಮುಚ್ಚಿದರೋ, ಪುಸ್ತಕ ಹೇಳುವುದಿಲ್ಲ. ತೆರೆದುದೇಕೆ ಎಂಬುದನ್ನು ಮಾತ್ರ ಅಕ್ಕಿಯ ಲೆಕ್ಕ ಹೇಳುತ್ತದೆ. ಮಕ್ಕಳ ಮುಂದೆ ನಾವು ಹೇಳಿದ ಕಥೆಗಿಂತ ಈ ಕಥೆ ನಮಗೆ ಹೆಚ್ಚು ಹಿಡಿಸಿತೆಂದು ಒಪ್ಪಿಕೊಳ್ಳುತ್ತೇವೆ, ಆದರೆ ನಿವೃತ್ತನಾದ ಮೇಷ್ಟ್ರಿಗೆ ತಿದ್ದಿ ಹೇಳಲು ಈಗ ತರಗತಿಯಿಲ್ಲ. ಈ ಸಂಚಿಕೆಯನ್ನೇ ತರಗತಿಯೆಂದು ಭಾವಿಸಿದ್ದೇವೆ.

ಮುಂದಿನದು ಬೇಗ ಹೇಳಬಹುದಾದ ಇತಿಹಾಸ. 1937ರ ಅಕ್ಟೋಬರ್ 1ರಂದು ರಾಜಾಜಿಯವರ ಸರಕಾರ ಸೇಲಂ ಜಿಲ್ಲೆಯಲ್ಲಿ ಪಾನನಿಷೇಧ ತಂದಿತು. ನಷ್ಟ ತುಂಬಲು 1939ರಲ್ಲಿ ಮಾರಾಟ ತೆರಿಗೆ ಬಂದಿತು. ಕುಡಿಯುವವನು ಕೊಡುತ್ತಿದ್ದುದನ್ನು ಕುಡಿಯದವನೂ ಕೊಡುವಂತಾಯಿತೆಂದು ಅಂದು ಹಲವರು ಗೊಣಗಿದರು. 1948ರ ಅಕ್ಟೋಬರ್ ವೇಳೆಗೆ ಮದರಾಸು ಪ್ರಾಂತವಿಡೀ ಗಡಂಗುಗಳು ಮುಚ್ಚಿದವು. ಅಜ್ಜಿಯ ಪುಸ್ತಕ ನಿಂತದ್ದೂ ಅಲ್ಲಿಗೆ. ನಮ್ಮ ಮಾವಂದಿರಲ್ಲಿ ಒಬ್ಬರು ಮುಂಬಯಿಗೆ ಹೋಗಿ ಹೋಟೆಲಿನಲ್ಲಿ ಲೋಟ ತೊಳೆದರು, ಹೆಂಗಸರು ಬೀಡಿ ಕಟ್ಟಿದರು. ಮೂರ್ತೆದಾರರಲ್ಲಿ ಕೆಲವರು ಓಲೆಬೆಲ್ಲಕ್ಕೆ ತಿರುಗಿದರು, ಕೆಲವರು ಗುಡ್ಡದ ಗೇರುಹಣ್ಣಿನಿಂದ ಬಟ್ಟಿಯಿಳಿಸಿ ಪೊಲೀಸರಿಗೆ ಸಿಕ್ಕಿಬಿದ್ದರು. ನಾವು ಹುಟ್ಟಿದುದು ಆಮೇಲೆ, ಬೀಡಿಯ ಎಲೆಯ ವಾಸನೆಯ ಮನೆಯಲ್ಲಿ.

ಕೇರಳದಲ್ಲಿ ನಿಷೇಧ ಹೋದುದು 1967ರಲ್ಲಿ. ಕೊಚ್ಚಿ ಸಂಸ್ಥಾನದ ಹಳೆಯ ಅಬಕಾರಿ ಕಾಯಿದೆಯನ್ನು, ಕೊಲ್ಲಂ ವರ್ಷ 1077ರ ಒಂದನೆಯ ಕಾಯಿದೆಯನ್ನು, ಇಡೀ ರಾಜ್ಯಕ್ಕೆ ವಿಸ್ತರಿಸಿದರು. ಕುಂಬಳೆಯ ಕಳ್ಳನ್ನು ಇಂದಿಗೂ ಆಳುತ್ತಿರುವುದು ನಮ್ಮ ಹಿರಿಯರಿಗೆ ಹೆಸರೂ ಗೊತ್ತಿಲ್ಲದಿದ್ದ ರಾಜನ ಕಾಯಿದೆ. ಅದೇ 1967ರಲ್ಲಿ ಮಹಾಜನ ಆಯೋಗವು ಚಂದ್ರಗಿರಿಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು ವರದಿ ಕೊಟ್ಟಿತು. ವರದಿ ಕಪಾಟಿನಲ್ಲಿ ಉಳಿಯಿತು, ಗಡಂಗು ಬಾಗಿಲು ತೆರೆಯಿತು. 1996ರ ಏಪ್ರಿಲ್ 1ರಿಂದ ಸಾರಾಯಿ ನಿಂತಿತು. ಕಳ್ಳು ಉಳಿಯಿತು, ಇಳಿಸುವ ಕೈಗಳು ಕಡಿಮೆಯಾದವು. ದೊಡ್ಡಜ್ಜನ ಗಡಂಗಿದ್ದ ಜಾಗದಲ್ಲಿ ಈಗ ಮೊಬೈಲ್ ದುರಸ್ತಿಯ ಅಂಗಡಿಯಿದೆ. ಮಾವಿನ ಮರ ಹೆದ್ದಾರಿಗೆ ಹೋಯಿತು.

ಈ ಲೇಖನದ ಕರಡನ್ನು ಎಂಬತ್ತೆರಡು ವರ್ಷದ ಅಣ್ಣನವರಿಗೆ ಓದಿ ಹೇಳಿದೆವು. "ಅಮ್ಮ ಇದ್ದಿದ್ದರೆ ಬರೆಯುತ್ತಿದ್ದೆಯಾ?" ಎಂದು ಕೇಳಿದರು. ಇಲ್ಲವೆಂದೆವು. ಸ್ವಲ್ಪ ಹೊತ್ತು ಬಿಟ್ಟು, "ಅಜ್ಜಿಯ ಒತ್ತಕ್ಷರದ ತಪ್ಪುಗಳನ್ನು ತಿದ್ದಬೇಡ" ಎಂದರು. ಅದನ್ನೇ ಒಪ್ಪಿಗೆಯೆಂದು ತೆಗೆದುಕೊಂಡಿದ್ದೇವೆ. ಪುಸ್ತಕದ ನಕಲು ಪ್ರತಿಯೊಂದನ್ನು ಸಂಘದ ವಾಚನಾಲಯಕ್ಕೆ ಕೊಡುತ್ತಿದ್ದೇವೆ, ಕಡದ ಪುಟಗಳನ್ನು ಬಿಟ್ಟು.

ಅಕ್ಕಿಯ ಲೆಕ್ಕದ ಹನ್ನೊಂದು ಹೆಸರುಗಳಲ್ಲಿ ಇದುವರೆಗೆ ಏಳು ಮನೆಗಳನ್ನು ಪತ್ತೆಹಚ್ಚಿದ್ದೇವೆ. ಇಬ್ಬರು ಮರದಿಂದ ಬಿದ್ದು ತೀರಿಕೊಂಡವರು. ಅವರ ಹೆಸರಿನ ಮುಂದೆ ಅಜ್ಜಿ ಮರದ ಸಂಖ್ಯೆಯನ್ನು ಹೊಡೆದುಹಾಕಿ ಎಣ್ಣೆ, ಬಟ್ಟೆ, ಕಟ್ಟಿಗೆಯ ಖರ್ಚು ಬರೆದಿದ್ದಾರೆ. ಅವರಲ್ಲಿ ಒಬ್ಬರ ಮೊಮ್ಮಗಳು ಬದಿಯಡ್ಕದ ಕಡೆ ಶಿಕ್ಷಕಿ. ತಮ್ಮ ಮನೆಯಲ್ಲಿ ಅಜ್ಜನದೆಂದು ಹೇಳಿಕೊಳ್ಳಲು ಒಂದು ಕತ್ತಿಯೂ ಉಳಿದಿಲ್ಲವೆಂದು ಹೇಳಿ, ಆ ಸಾಲನ್ನು ಗಟ್ಟಿಯಾಗಿ ಓದಬೇಕೆಂದು ಕೇಳಿಕೊಂಡರು. ಓದಿದೆವು. ಮರ ಹದಿನಾಲ್ಕು, ಅಕ್ಕಿ ಎರಡು ಸೇರು, ಮುರಿಯಲಿಲ್ಲ. ಇನ್ನೊಮ್ಮೆ ಓದಿ ಸಾರ್ ಎಂದರು.